ಮೀನಿನ ಚೂರಿನಿಂದ ವಂಶವೃಕ್ಷದವರೆಗೆ: ಪ್ರೋಟೀನ್ ಪ್ರೊಫೈಲರ್ ಕಿಟ್ ಏನು ಕಲಿಸುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ

ಅಣುಮಟ್ಟದ ವಿಕಾಸವನ್ನು ಪದವಿ ತರಗತಿಯಲ್ಲಿ ಪಾಠ ಮಾಡುವುದು ಸುಲಭ, ಪ್ರಯೋಗ ಮಾಡಿಸುವುದು ಕಷ್ಟ. ಡಿಎನ್‌ಎ ತೆಗೆದು, ಪಿಸಿಆರ್ ಮಾಡಿ ಅದರ ಪ್ರತಿಗಳನ್ನು ಹೆಚ್ಚಿಸಿ, ಅಕ್ಷರಗಳ ಸಾಲು ಓದುವ ಸೀಕ್ವೆನ್ಸಿಂಗ್‌ಗೆ ಕಳಿಸಿದರೆ ಉತ್ತರ ಬರುವಷ್ಟರಲ್ಲಿ ಪ್ರಶ್ನೆ ಏನಿತ್ತೆಂಬುದೇ ಮರೆತಿರುತ್ತದೆ. ಬರೀ ಕಂಪ್ಯೂಟರ್ ಮುಂದೆ ಕೂರಿಸಿದರೆ ಗುಂಡಿ ಒತ್ತಿದಂತೆಲ್ಲ ಮರ ಮೂಡುತ್ತದೆ, ಆದರೆ ಆ ಅಕ್ಷರಗಳ ಹಿಂದೆ ಒಂದು ಜೀವಿ ಇದೆ ಎಂಬುದು ಯಾರ ತಲೆಗೂ ಹೋಗುವುದಿಲ್ಲ. ಈ ಎರಡರ ನಡುವಿನ ಜಾಗಕ್ಕೆ ಹೊಂದುವಂತೆ ಬಂದದ್ದು ಬಯೋ-ರಾಡ್ ಕಂಪನಿಯ ಕಂಪ್ಯಾರಟಿವ್ ಪ್ರೋಟಿಯೋಮಿಕ್ಸ್ ಕಿಟ್ 1, ಅಂದರೆ ಪ್ರೋಟೀನ್ ಪ್ರೊಫೈಲರ್ ಮಾಡ್ಯೂಲ್. ಬೇರೆ ಬೇರೆ ಮೀನುಗಳ ಸ್ನಾಯುವಿನಿಂದ ಪ್ರೋಟೀನ್ ತೆಗೆದು, ಎಸ್‌ಡಿಎಸ್ ಜೆಲ್ ಓಡಿಸಿ (ಎಸ್‌ಡಿಎಸ್ ಎಂಬ ಮಾರ್ಜಕ ಬೆರೆಸಿದ ಪ್ರೋಟೀನ್‌ಗಳನ್ನು ಜೆಲ್ಲಿನಲ್ಲಿ ವಿದ್ಯುತ್ತಿನಿಂದ ಗಾತ್ರದ ಪ್ರಕಾರ ಬೇರ್ಪಡಿಸುವುದು, ಅಂದರೆ ಎಲೆಕ್ಟ್ರೋಫೊರೆಸಿಸ್), ಒಂದೊಂದು ಗಾತ್ರದ ಪ್ರೋಟೀನ್ ನಿಂತಲ್ಲಿ ಮೂಡುವ ಬ್ಯಾಂಡ್‌ಗಳನ್ನು ಹೋಲಿಸಿ ಮೀನುಗಳ ವಂಶವೃಕ್ಷ ಬರೆಯುವುದು ಇದರ ಕೆಲಸ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಎಲೆಕ್ಟ್ರೋಫೊರೆಸಿಸ್ ಕಲಿಸುವುದಕ್ಕೆ ಇದು ಎತ್ತಿದ ಕೈ. ವಿಕಾಸ ಕಲಿಸುವುದಕ್ಕೆ ಮಾತ್ರ, ಕಿಟ್ ಜೊತೆ ಬರುವ ವರ್ಕ್‌ಶೀಟನ್ನು ಇದ್ದ ಹಾಗೆಯೇ ಬಳಸಿದರೆ ಅರ್ಧ ಸುಳ್ಳು ಕಲಿಸಿದಂತಾಗುತ್ತದೆ. ಎರಡು ವೆಲ್‌ಗಳನ್ನೂ (ಜೆಲ್ಲಿನಲ್ಲಿ ಸ್ಯಾಂಪಲ್ ಹಾಕುವ ಗುಳಿಗಳು) ಒಂದು ಲೆಕ್ಕವನ್ನೂ ಬದಲಿಸಿದರೆ ಅದೇ ಕಿಟ್ ಬಹಳ ಒಳ್ಳೆಯ ಪಾಠವಾಗುತ್ತದೆ. ಉಳಿದದ್ದೆಲ್ಲ ಈ ಮಾತಿನ ವಿವರ.

ಪೆಟ್ಟಿಗೆಯಲ್ಲಿ ಏನಿದೆ, ಏನಿಲ್ಲ

ಎಂಟು ತಂಡಗಳಿಗೆ ಸಾಕಾಗುವಷ್ಟು ಸಾಮಗ್ರಿ ಇದೆ: ಲೆಮ್ಲಿ ಸ್ಯಾಂಪಲ್ ಬಫರ್, ಡಿಟಿಟಿ (ಪ್ರೋಟೀನಿನ ಗಂಧಕದ ಬಂಧಗಳನ್ನು ಬಿಡಿಸುವ ರಾಸಾಯನಿಕ), ಬಣ್ಣಬಣ್ಣದ ಕೆಲಿಡೋಸ್ಕೋಪ್ ಮಾರ್ಕರ್ (ತೂಕ ಮೊದಲೇ ಗೊತ್ತಿರುವ ಪ್ರೋಟೀನ್‌ಗಳ ಮಿಶ್ರಣ), ಸ್ನಾಯುವಿನ ಎರಡು ಮುಖ್ಯ ಪ್ರೋಟೀನ್‌ಗಳಾದ ಆಕ್ಟಿನ್-ಮಯೋಸಿನ್ ಸ್ಟ್ಯಾಂಡರ್ಡ್, ಚಾಲನಾ ಬಫರಿನ ದಟ್ಟ ದ್ರಾವಣ, ಕುಮಾಸಿ ಬಣ್ಣ, ಟ್ಯೂಬುಗಳು. ಮೀನು ಇಲ್ಲ, ಅದನ್ನು ನೀವೇ ತರಬೇಕು. ಜೆಲ್, ಜೆಲ್ ಟ್ಯಾಂಕ್, ಪವರ್ ಸಪ್ಲೈ, 95 ಡಿಗ್ರಿಯ ಹೀಟ್ ಬ್ಲಾಕ್, ಮೈಕ್ರೊಪಿಪೆಟ್ ಕೂಡ ಲ್ಯಾಬಿನಲ್ಲಿ ಇರಲೇಬೇಕು. ಇವಿಲ್ಲದ ಲ್ಯಾಬಿಗೆ ಕಿಟ್ ಬಂದರೆ ಅದು ಬರೀ ಬಾಟಲಿಗಳ ಪೆಟ್ಟಿಗೆ.

ಪೆಟ್ಟಿಗೆಯಲ್ಲಿ ಗುಟ್ಟಿನ ವಸ್ತುವೇನೂ ಇಲ್ಲ ಎಂಬುದೂ ಗೊತ್ತಿರಲಿ. ಪ್ರೋಟೀನ್ ಜೆಲ್ ಓಡಿಸುವ ಅಭ್ಯಾಸ ಇರುವ ಲ್ಯಾಬಿನವರು ಎಲ್ಲವನ್ನೂ ತಾವೇ ಮಾಡಿಕೊಳ್ಳಬಹುದು. 100 ಮಿ.ಲೀ. ಸ್ಯಾಂಪಲ್ ಬಫರಿಗೆ: ಪಿಎಚ್ 6.8ರ 1 ಮೋಲಾರ್ ಟ್ರಿಸ್ 6.25 ಮಿ.ಲೀ., 10% ಎಸ್‌ಡಿಎಸ್ 20 ಮಿ.ಲೀ., ಗ್ಲಿಸರಾಲ್ 10 ಮಿ.ಲೀ., ಬ್ರೋಮೋಫೀನಾಲ್ ಬ್ಲೂ 10 ಮಿ.ಗ್ರಾಂ, ಉಳಿದದ್ದು ನೀರು. ಬಳಸುವ ದಿನ 950 ಮೈಕ್ರೊಲೀಟರ್ ಬಫರಿಗೆ 1 ಮೋಲಾರ್ ಡಿಟಿಟಿ 50 ಮೈಕ್ರೊಲೀಟರ್ ಸೇರಿಸಿದರೆ 50 ಮಿಲಿಮೋಲಾರ್ ಆಗುತ್ತದೆ. ಚಾಲನಾ ಬಫರ್ ಎಂದರೆ 25 ಮಿಲಿಮೋಲಾರ್ ಟ್ರಿಸ್, 192 ಮಿಲಿಮೋಲಾರ್ ಗ್ಲೈಸೀನ್, 0.1% ಎಸ್‌ಡಿಎಸ್. ಇದರ ಪಿಎಚ್ ತಾನಾಗಿಯೇ 8.3ರ ಹತ್ತಿರ ನಿಲ್ಲುತ್ತದೆ. ಆಮ್ಲ ಹಾಕಿ ಸರಿಪಡಿಸಲು ಹೋದರೆ ಕ್ಲೋರೈಡ್ ಹೆಚ್ಚಾಗಿ ಜೆಲ್ ಕೆಡುತ್ತದೆ. ಕಿಟ್ ಕೊಳ್ಳುವುದರ ನಿಜವಾದ ಲಾಭ ಸಮಯದ ಉಳಿತಾಯ ಮತ್ತು ಎಂಟೂ ತಂಡಗಳಿಗೆ ಒಂದೇ ಗುಣಮಟ್ಟದ ಬಫರ್. ಮೊದಲ ಸಲ ಮಾಡಿಸುವವರಿಗೆ ಅದು ಸಣ್ಣ ಲಾಭವಲ್ಲ.

ಸ್ಯಾಂಪಲ್: ಕೆಡುವುದೆಲ್ಲ ಇಲ್ಲೇ

ವಿಧಾನ ಸರಳ. ಪ್ರತಿ ಮೀನಿನ ಸ್ನಾಯುವಿನಿಂದ ಕಾಲು ಸೆಂಟಿಮೀಟರ್ ಅಳತೆಯ ಘನಾಕಾರದ ಚೂರು ಕತ್ತರಿಸಿ. 250 ಮೈಕ್ರೊಲೀಟರ್ ಸ್ಯಾಂಪಲ್ ಬಫರಿನಲ್ಲಿ ಹಾಕಿ, ಟ್ಯೂಬಿನ ತಳಕ್ಕೆ ಬೆರಳಿನಿಂದ ಹದಿನೈದು ಸಲ ಚಿಮ್ಮಿ. ಐದು ನಿಮಿಷ ಬಿಟ್ಟು, ಚೂರು ಬಾರದಂತೆ ದ್ರವವನ್ನು ಮಾತ್ರ ತಿರುಪು ಮುಚ್ಚಳದ ಟ್ಯೂಬಿಗೆ ಸುರಿದು, 95 ಡಿಗ್ರಿಯಲ್ಲಿ ಐದು ನಿಮಿಷ ಕಾಯಿಸಿ. ಒತ್ತುವ ಮುಚ್ಚಳದ ಟ್ಯೂಬಾದರೆ ಈ ಶಾಖಕ್ಕೆ ಪಟ್ಟನೆ ಹಾರುತ್ತದೆ, ಸ್ಯಾಂಪಲ್ ಹೀಟ್ ಬ್ಲಾಕಿನ ಪಾಲಾಗುತ್ತದೆ.

ಹತ್ತರಲ್ಲಿ ಎಂಟು ಜನ ತಪ್ಪುವುದು ಚೂರಿನ ಗಾತ್ರದಲ್ಲಿ. ಕಾಲು ಸೆಂಟಿಮೀಟರ್ ಘನ ಎಂದರೆ ಸುಮಾರು 16 ಮಿ.ಗ್ರಾಂ ತೂಕ. ಮೀನಿನ ಸ್ನಾಯುವಿನಲ್ಲಿ ಐದರಲ್ಲೊಂದು ಭಾಗ ಪ್ರೋಟೀನ್ ಎಂದಿಟ್ಟುಕೊಂಡರೆ ಅದರಲ್ಲಿ 3 ಮಿ.ಗ್ರಾಂ ಪ್ರೋಟೀನ್ ಇರುತ್ತದೆ. ಅಷ್ಟೂ ಕರಗಿಬಿಟ್ಟರೆ ಒಂದು ಮೈಕ್ರೊಲೀಟರಿನಲ್ಲಿ 12 ಮೈಕ್ರೊಗ್ರಾಂ. ಐದು ಮೈಕ್ರೊಲೀಟರ್ ಹಾಕಿದರೆ 60 ಮೈಕ್ರೊಗ್ರಾಂ. ಸಣ್ಣ ಜೆಲ್ಲಿನ ಒಂದು ವೆಲ್‌ಗೆ ಅದು ವಿಪರೀತ. ಬರೀ ಚಿಮ್ಮುವುದರಿಂದ ಅದರ ಒಂದು ಪಾಲು ಮಾತ್ರ ಹೊರಗೆ ಬರುತ್ತದೆ, ಆದ್ದರಿಂದಲೇ ಈ ವಿಧಾನ ನಡೆಯುತ್ತದೆ. ಉತ್ಸಾಹದಲ್ಲಿ ಚೂರನ್ನು ಅರೆದ ತಂಡದ ಲೇನ್ (ಒಂದು ವೆಲ್‌ನಿಂದ ಕೆಳಗೆ ಇಳಿಯುವ ಸಾಲು) ನೀಲಿ ಸವರಿದಂತೆ ಕಾಣುತ್ತದೆ, ಬ್ಯಾಂಡ್ ಎಣಿಸಲು ಆಗುವುದಿಲ್ಲ. ಅರೆಯಬೇಡಿ ಎಂದರೆ ಸಾಲದು, ಯಾಕೆಂಬ ಈ ಲೆಕ್ಕವನ್ನು ವಿದ್ಯಾರ್ಥಿಗಳ ಕೈಯಲ್ಲೇ ಮಾಡಿಸಿ.

ಚರ್ಮ, ಕೊಬ್ಬು, ಮೂಳೆ ಚೂರಿನಲ್ಲಿ ಬರಬಾರದು. ಕೊಬ್ಬು ಹೆಚ್ಚಿದ್ದರೆ ಲೇನ್ ಸೊಟ್ಟಗೆ ಓಡುತ್ತದೆ. ಹಳೆಯ ಮೀನು, ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದ ಮೀನು ತರಬೇಡಿ: ಸ್ನಾಯುವಿನ ಸ್ವಂತ ಕಿಣ್ವಗಳೇ ದೊಡ್ಡ ಪ್ರೋಟೀನ್‌ಗಳನ್ನು ಕಡಿದು, ಮೂಲದಲ್ಲಿ ಇಲ್ಲದ ಬ್ಯಾಂಡ್‌ಗಳನ್ನು ಕೆಳಗೆ ಹುಟ್ಟಿಸುತ್ತವೆ. ಸಿಗಡಿಯಲ್ಲಂತೂ ಇದು ಬಹಳ ಬೇಗ ಆಗುತ್ತದೆ. ತಲೆ, ಕರುಳು ತೆಗೆದು ಬಾಲದ ಸ್ನಾಯುವನ್ನಷ್ಟೇ ಬಳಸಿ, ಕತ್ತರಿಸಿದ ತಕ್ಷಣ ಬಫರಿಗೆ ಹಾಕಿ.

ಬಫರಿನಲ್ಲಿ ಬಿಳಿ ಹರಳು ಕಂಡರೆ ಅದು ತಂಪಿಗೆ ಗಟ್ಟಿಯಾದ ಎಸ್‌ಡಿಎಸ್. ಬೆಚ್ಚಗೆ ಮಾಡಿ ಕರಗಿಸಿದರೆ ಸರಿಹೋಗುತ್ತದೆ, ಸೋಸಿ ತೆಗೆದರೆ ಕೆಲಸ ಕೆಡುತ್ತದೆ. ಪ್ರೋಟೀನಿಗೆ ಋಣಾವೇಶ ಕೊಡುವುದೇ ಅದು: ಒಂದು ಗ್ರಾಂ ಪ್ರೋಟೀನಿಗೆ ಸುಮಾರು 1.4 ಗ್ರಾಂ ಎಸ್‌ಡಿಎಸ್ ಅಂಟಿಕೊಳ್ಳುತ್ತದೆ. ಉಳಿದ ಸ್ಯಾಂಪಲನ್ನು ಮೈನಸ್ 20ರಲ್ಲಿ ಇಟ್ಟುಕೊಳ್ಳಬಹುದು, ಮತ್ತೆ ಜೆಲ್ಲಿಗೆ ಹಾಕುವ ಮೊದಲು ಇನ್ನೊಮ್ಮೆ ಕಾಯಿಸಬೇಕು.

ಒಂದು ಎಚ್ಚರಿಕೆ. ಮೀನಿನ ಅಲರ್ಜಿಗೆ ಮುಖ್ಯ ಕಾರಣ ಪಾರ್ವಾಲ್ಬುಮಿನ್, ಸಿಗಡಿ ಅಲರ್ಜಿಗೆ ಟ್ರೋಪೊಮಯೋಸಿನ್, ಎರಡೂ ಸ್ನಾಯುವಿನ ಪ್ರೋಟೀನ್‌ಗಳೇ. ಈ ಜೆಲ್ಲಿನಲ್ಲಿ ಕಣ್ಣಿಗೆ ಹೊಡೆಯುವ ಬ್ಯಾಂಡ್‌ಗಳಲ್ಲಿ ಎರಡು ಇವೇ. ಅಲರ್ಜಿ ಇರುವವರು ಯಾರಾದರೂ ಇದ್ದಾರೆಯೇ ಎಂದು ತರಗತಿಯಲ್ಲಿ ಮೊದಲೇ ಕೇಳಿ. ಕೈಗವಸು ಎಲ್ಲರಿಗೂ ಕಡ್ಡಾಯ.

ಜೆಲ್ ಓಡಿಸುವಾಗ

4ರಿಂದ 20% ಅಕ್ರಿಲಮೈಡ್ ಇರುವ ಸಿದ್ಧ ಜೆಲ್ ಈ ಪ್ರಯೋಗಕ್ಕೆ ಒಳ್ಳೆಯದು. 200 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ದಾಟುವ ಮಯೋಸಿನ್‌ನ ದೊಡ್ಡ ಸರಪಳಿಯಿಂದ 12 ಕಿಲೋಡಾಲ್ಟನ್‌ನ ಪಾರ್ವಾಲ್ಬುಮಿನ್‌ವರೆಗೆ ಎಲ್ಲವೂ ಒಂದೇ ಜೆಲ್ಲಿನಲ್ಲಿ ಕಾಣುತ್ತದೆ. 15% ಜೆಲ್ಲಿನಲ್ಲಿ ಸಣ್ಣ ಪ್ರೋಟೀನ್‌ಗಳು ಚೆನ್ನಾಗಿ ಬಿಡಿಬಿಡಿಯಾಗುತ್ತವೆ, ದೊಡ್ಡವು ಮೇಲೆಯೇ ಗುಂಪುಕಟ್ಟಿ ನಿಲ್ಲುತ್ತವೆ. ಜೆಲ್ಲನ್ನು ಲ್ಯಾಬಿನಲ್ಲೇ ಎರೆಯುವುದಾದರೆ, ಗಟ್ಟಿಯಾಗದ ಅಕ್ರಿಲಮೈಡ್ ನರಕ್ಕೆ ವಿಷ ಎಂಬುದು ಮರೆಯಬಾರದು. ಆ ಕೆಲಸ ಪದವಿ ವಿದ್ಯಾರ್ಥಿಗಳಿಗೆ ಬೇಡ.

200 ವೋಲ್ಟ್‌ನಲ್ಲಿ ಸುಮಾರು ಅರ್ಧ ಗಂಟೆ ಸಾಕು. ನೀಲಿ ಬಣ್ಣದ ಗೆರೆ ಜೆಲ್ಲಿನ ತುದಿ ಮುಟ್ಟುವ ಮೊದಲೇ ನಿಲ್ಲಿಸಿ. ಐದು ನಿಮಿಷ ಮೈಮರೆತರೆ ಪಾರ್ವಾಲ್ಬುಮಿನ್ ಜೆಲ್ಲಿನಿಂದಲೇ ಹೊರಗೆ ಹೋಗಿರುತ್ತದೆ, "ಈ ಮೀನಿನಲ್ಲಿ ಆ ಪ್ರೋಟೀನ್ ಇಲ್ಲ" ಎಂದು ವಿದ್ಯಾರ್ಥಿ ಬರೆದಿಡುತ್ತಾನೆ.

ಕರೆಂಟೇ ಹರಿಯದಿದ್ದರೆ ಮೊದಲು ನೋಡಬೇಕಾದದ್ದು ಸಿದ್ಧ ಜೆಲ್ಲಿನ ತಳದ ಟೇಪ್. ಅದನ್ನು ಕೀಳುವುದು ಪ್ರತಿ ವರ್ಷ ಯಾರಾದರೊಬ್ಬರು ಮರೆಯುತ್ತಾರೆ. ಒಳಗಿನ ಕೋಣೆಯ ಬಫರ್ ಇಳಿಯುತ್ತಿದ್ದರೆ ಜೆಲ್ ಸರಿಯಾಗಿ ಕೂತಿಲ್ಲ: ಗಿಡ್ಡ ಗಾಜು ಒಳಮುಖವಾಗಿರಬೇಕು, ಒಂದೇ ಜೆಲ್ ಓಡಿಸುವಾಗ ಇನ್ನೊಂದು ಬದಿಗೆ ಪ್ಲಾಸ್ಟಿಕ್ ತಡೆ ಹಾಕಿರಬೇಕು. ಬ್ಯಾಂಡ್‌ಗಳು ನಗುವ ಬಾಯಿಯಂತೆ ಬಾಗಿದ್ದರೆ ನಡುಭಾಗ ಬಿಸಿಯಾಗಿದೆ ಎಂದರ್ಥ. ವೋಲ್ಟೇಜ್ 150ಕ್ಕೆ ಇಳಿಸಿ, ತಣ್ಣನೆಯ ಬಫರ್ ಬಳಸಿ. ಬಾಗಿದ ಜೆಲ್ಲಿನಿಂದ ತೂಕ ಅಳೆದರೆ ಅಂಚಿನ ಲೇನ್‌ಗಳ ಪ್ರೋಟೀನೆಲ್ಲ ಇದ್ದದ್ದಕ್ಕಿಂತ ಭಾರ ಎಂದು ಬರುತ್ತದೆ.

ಓಡಿ ಮುಗಿದ ಮೇಲೆ ಕುಮಾಸಿಯಲ್ಲಿ ಒಂದು ಗಂಟೆ, ನೀರಿನಲ್ಲಿ ರಾತ್ರಿಯಿಡೀ. ನೀರಿಗೆ ಹಾಕಿದ ಕೂಡಲೇ ಎಣಿಸಲು ಕೂರಬೇಡಿ. ಮಸುಕಾದ ಬ್ಯಾಂಡ್‌ಗಳು ಮರುದಿನ ಬೆಳಿಗ್ಗೆಯೇ ಕಾಣಿಸಿಕೊಳ್ಳುವುದು.

ವರ್ಕ್‌ಶೀಟಿನ ತಕರಾರು

ಇಲ್ಲಿಯವರೆಗೆ ಕಿಟ್ ಅಚ್ಚುಕಟ್ಟು. ತೊಡಕು ಶುರುವಾಗುವುದು ಜೆಲ್ ಒಣಗಿದ ಮೇಲೆ. ವರ್ಕ್‌ಶೀಟಿನ ಕ್ರಮ ಹೀಗಿದೆ: ಮಾರ್ಕರ್ ಬ್ಯಾಂಡ್‌ಗಳು ಓಡಿದ ದೂರವನ್ನು ಅಳೆದು ತೂಕದ ರೇಖೆ ಬರೆಯುವುದು, ಅದರಿಂದ ಪ್ರತಿ ಬ್ಯಾಂಡಿನ ತೂಕ ಕಂಡುಹಿಡಿಯುವುದು, ಎರಡೆರಡು ಮೀನುಗಳಲ್ಲಿ ಎಷ್ಟು ಬ್ಯಾಂಡ್ ಒಂದೇ ತೂಕದವು ಎಂದು ಎಣಿಸುವುದು, ಎಣಿಕೆ ಹೆಚ್ಚಿದ್ದವರನ್ನು ಹತ್ತಿರದ ನೆಂಟರೆಂದು ಕ್ಲ್ಯಾಡೋಗ್ರಾಮಿನಲ್ಲಿ, ಅಂದರೆ ಸಮಾನ ಪೂರ್ವಜರಿಂದ ಕವಲೊಡೆದದ್ದನ್ನು ತೋರಿಸುವ ಮರದಲ್ಲಿ, ಕೂರಿಸುವುದು. ಕೇಳಲು ಚೆನ್ನಾಗಿದೆ. ಇದರಲ್ಲಿ ನಾಲ್ಕು ಕಡೆ ಎಡವಟ್ಟಿದೆ.

ಮೊದಲನೆಯದು ಅಳತೆ. ಸಣ್ಣ ಜೆಲ್ಲಿನಲ್ಲಿ 37 ಮತ್ತು 25 ಕಿಲೋಡಾಲ್ಟನ್ ಮಾರ್ಕರ್‌ಗಳ ನಡುವೆ 8 ಮಿ.ಮೀ. ಅಂತರ ಇದೆ ಎನ್ನಿ. ಸ್ಕೇಲ್ ಹಿಡಿದ ಕೈ ಅರ್ಧ ಮಿ.ಮೀ. ಆಚೀಚೆ ಆದರೆ ತೂಕದಲ್ಲಿ ಸುಮಾರು 1 ಕಿಲೋಡಾಲ್ಟನ್ ವ್ಯತ್ಯಾಸ ಬರುತ್ತದೆ. ಹೀಗಿರುವಾಗ 31.5, 32.1 ಎಂದು ದಶಮಾಂಶದಲ್ಲಿ ಬರೆದು, ಅವು ಬೇರೆ ಬೇರೆ ಬ್ಯಾಂಡ್ ಎನ್ನುವುದಕ್ಕೆ ಅರ್ಥವಿಲ್ಲ. ಒಂದು ಕಿಲೋಡಾಲ್ಟನ್ ಒಳಗಿನದ್ದೆಲ್ಲ ಒಂದೇ ಎಂಬ ನಿಯಮವನ್ನು ಎಣಿಕೆಗೆ ಮೊದಲೇ ಹಾಕಿಕೊಳ್ಳಿ. ಎಣಿಸಿದ ಮೇಲೆ ನಿಯಮ ಹಾಕಿದರೆ ಬೇಕಾದ ಮರ ಬರುವಂತೆ ನಿಯಮವೂ ಬಾಗುತ್ತದೆ. ಲೆಕ್ಕಕ್ಕೆ ತೂಕವನ್ನು ಲಾಗರಿದಮ್‌ನಲ್ಲೇ ತೆಗೆದುಕೊಳ್ಳಬೇಕು; ನೇರ ತೂಕ ಮತ್ತು ದೂರದ ನಡುವೆ ಸರಳರೇಖೆ ಬರುವುದಿಲ್ಲ.

ಎರಡನೆಯದು ಬರೀ ಎಣಿಕೆ. ಬ್ಯಾಂಡ್ ಹೆಚ್ಚಿರುವ ಲೇನ್ ಎಲ್ಲರಿಗೂ ನೆಂಟ. ಸ್ಯಾಂಪಲ್ ಗಟ್ಟಿಯಾಗಿದ್ದರಿಂದ ಇಪ್ಪತ್ತು ಬ್ಯಾಂಡ್ ತೋರಿದ ಮೀನು, ತೆಳುವಾಗಿ ಎಂಟೇ ಬ್ಯಾಂಡ್ ತೋರಿದ ಮೀನಿಗಿಂತ ಪ್ರತಿಯೊಬ್ಬರೊಂದಿಗೂ ಹೆಚ್ಚು ಹೊಂದುತ್ತದೆ. ಅಲ್ಲಿಗೆ ನೀವು ಅಳೆದದ್ದು ನೆಂಟಸ್ತಿಕೆಯಲ್ಲ, ಪಿಪೆಟ್ಟು. ಇದಕ್ಕೆ ಮದ್ದು ಸುಲಭ: ಇಬ್ಬರಲ್ಲೂ ಇರುವ ಬ್ಯಾಂಡ್‌ಗಳನ್ನು, ಇಬ್ಬರಲ್ಲಿ ಯಾರಲ್ಲಾದರೂ ಇರುವ ಒಟ್ಟು ಬ್ಯಾಂಡ್‌ಗಳಿಂದ ಭಾಗಿಸಿ, ಒಂದರಿಂದ ಕಳೆಯಿರಿ. ಇದೇ ಜಕಾರ್ಡ್ ದೂರ. ಒಂದು ಕಾರ್ಪ್ ಮೀನಿನಲ್ಲಿ 12, ಇನ್ನೊಂದರಲ್ಲಿ 13, ಎರಡರಲ್ಲೂ 10 ಎಂದು ಬಂದರೆ ಒಟ್ಟು 15, ದೂರ 0.33. ಈ ಸಂಖ್ಯೆಗಳ ಕೋಷ್ಟಕದಿಂದ ಯುಪಿಜಿಎಂಎ ವಿಧಾನದಲ್ಲಿ ಕಾಗದದ ಮೇಲೆಯೇ ಮರ ಕಟ್ಟಬಹುದು: ಅತಿ ಕಡಿಮೆ ದೂರದ ಜೋಡಿಯನ್ನು ಸೇರಿಸು, ಆ ಜೋಡಿಗೂ ಉಳಿದವಕ್ಕೂ ಇರುವ ದೂರದ ಸರಾಸರಿ ತೆಗೆ, ಮತ್ತೆ ಕಡಿಮೆ ದೂರದ್ದನ್ನು ಹುಡುಕು. ಏಳು ಸ್ಯಾಂಪಲ್‌ಗೆ ಆರು ಸುತ್ತು. ಕೈಯಿಂದ ಒಮ್ಮೆ ಕಟ್ಟಿದವರಿಗೆ ಸಾಫ್ಟ್‌ವೇರ್ ಆಮೇಲೆ ಮಾಯಾಪೆಟ್ಟಿಗೆಯಾಗಿ ಕಾಣುವುದಿಲ್ಲ. ಬರುವ ಚಿತ್ರವನ್ನು ಕ್ಲ್ಯಾಡೋಗ್ರಾಮ್ ಎಂದು ಕರೆಯಬೇಡಿ, ಅದು ಹೋಲಿಕೆಯ ಮರ. ಎಲ್ಲ ಕವಲುಗಳೂ ಒಂದೇ ವೇಗದಲ್ಲಿ ಬದಲಾಗಿವೆ ಎಂಬ ಊಹೆ ಅದರೊಳಗೆ ಅಡಗಿದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಒಂದೇ ಎತ್ತರದ ಬ್ಯಾಂಡ್ ಒಂದೇ ಪ್ರೋಟೀನ್ ಆಗಿರಬೇಕಾಗಿಲ್ಲ. 35ರಿಂದ 43 ಕಿಲೋಡಾಲ್ಟನ್ ನಡುವೆ ಮೀನಿನ ಸ್ನಾಯುವಿನಲ್ಲಿ ಯಾರ್ಯಾರು ಕೂತಿದ್ದಾರೆ ನೋಡಿ: ಕ್ರಿಯಾಟಿನ್ ಕೈನೇಸ್ ಸುಮಾರು 43, ಆಕ್ಟಿನ್ 42, ಆಲ್ಡೊಲೇಸ್ 40, ಗ್ಲೈಕಾಲಿಸಿಸ್‌ನ ಜಿಎಪಿಡಿಎಚ್ 36, ಅದರ ಪಕ್ಕದಲ್ಲೇ ಟ್ರೋಪೊಮಯೋಸಿನ್. ಎಲ್ಲವೂ ಸ್ನಾಯುವಿನಲ್ಲಿ ಧಾರಾಳ. ಸಿಗಡಿಯ ಸ್ನಾಯುವಿನಲ್ಲಿ ಕ್ರಿಯಾಟಿನ್ ಕೈನೇಸ್ ಬದಲು ಆರ್ಜಿನಿನ್ ಕೈನೇಸ್, ಅದೂ 40ರ ಆಸುಪಾಸು. ಸಣ್ಣ ಜೆಲ್ಲಿನಲ್ಲಿ ಇವು ಒಂದರ ಮೇಲೊಂದು ಬೀಳುತ್ತವೆ. ಇನ್ನು ಆಕ್ಟಿನ್ ಎಲ್ಲ ಬೆನ್ನೆಲುಬಿನ ಪ್ರಾಣಿಗಳಲ್ಲೂ ಹೆಚ್ಚುಕಡಿಮೆ ಒಂದೇ ರೂಪದಲ್ಲಿದೆ. ಅದು ಎಲ್ಲ ಲೇನ್‌ನಲ್ಲೂ ಇರುವುದರಿಂದ ಯಾರು ಯಾರಿಗೆ ಹತ್ತಿರ ಎಂಬುದರ ಬಗ್ಗೆ ಏನನ್ನೂ ಹೇಳುವುದಿಲ್ಲ, ಎಣಿಕೆಯನ್ನು ಮಾತ್ರ ಹೆಚ್ಚಿಸುತ್ತದೆ. ತಿರುಗಿ ನೋಡಿದರೆ, ತೂಕ ಬದಲಾಗದಂತೆ ಹತ್ತಾರು ಅಮೈನೊ ಆಮ್ಲ ಬದಲಾಗಿದ್ದರೂ ಬ್ಯಾಂಡ್ ಇದ್ದಲ್ಲೇ ಇರುತ್ತದೆ. ಜೆಲ್ ಕಾಣುವುದು ಉದ್ದವನ್ನು, ಬರಹವನ್ನಲ್ಲ.

ನಾಲ್ಕನೆಯದು ಅಂಗಾಂಶ. ಮೀನಿನಲ್ಲಿ ಬಿಳಿ ಸ್ನಾಯು, ಕೆಂಪು ಸ್ನಾಯು ಎಂದು ಎರಡುಂಟು. ಬಂಗುಡೆ, ಟ್ಯೂನಾಗಳ ಪಕ್ಕೆಯಲ್ಲಿ ಕಡುಕೆಂಪು ಪಟ್ಟಿ ಎದ್ದು ಕಾಣುತ್ತದೆ. ಬಿಳಿ ಸ್ನಾಯುವಿನಲ್ಲಿ ಪಾರ್ವಾಲ್ಬುಮಿನ್ ಹೆಚ್ಚು, ಕೆಂಪಿನಲ್ಲಿ ತೀರ ಕಡಿಮೆ. ಮಯೋಸಿನ್‌ನ ಸಣ್ಣ ಸರಪಳಿಗಳೂ ಬೇರೆ ಬಗೆಯವು. ಒಂದು ತಂಡ ಬೆನ್ನಿನಿಂದಲೂ ಇನ್ನೊಂದು ತಂಡ ಪಕ್ಕೆಯಿಂದಲೂ ಚೂರು ತೆಗೆದರೆ, ಎರಡೂ ಒಂದೇ ಮೀನಿನವಾದರೂ ಬ್ಯಾಂಡ್ ಸಾಲು ಬೇರೆಯಾಗುತ್ತದೆ.

ಈ ದೋಷವನ್ನೇ ಪಾಠ ಮಾಡಿ

ಹತ್ತು ವೆಲ್‌ಗಳ ಜೆಲ್ಲಿಗೆ ನಮ್ಮ ಶಿಫಾರಸು ಇದು. ಮೊದಲನೆಯದಕ್ಕೆ ಮಾರ್ಕರ್, ಎರಡನೆಯದಕ್ಕೆ ಆಕ್ಟಿನ್-ಮಯೋಸಿನ್. ಮುಂದಿನ ಎರಡಕ್ಕೆ ಎರಡು ಜಾತಿಯ ಕಾರ್ಪ್, ಐದನೆಯದಕ್ಕೆ ಬೆಕ್ಕುಮೀನು. ಆರರಲ್ಲಿ ಬಂಗುಡೆಯ ಬಿಳಿ ಸ್ನಾಯು, ಏಳರಲ್ಲಿ ಅದೇ ಬಂಗುಡೆಯ ಕೆಂಪು ಸ್ನಾಯು. ಎಂಟು ಟ್ಯೂನಾ, ಒಂಬತ್ತು ಶಾರ್ಕ್, ಹತ್ತು ಸಿಗಡಿ. ಪ್ರತಿಯೊಂದಕ್ಕೂ ಐದು ಮೈಕ್ರೊಲೀಟರ್.

ಆಯ್ಕೆ ಹೀಗೇ ಯಾಕೆ? ಕಾರ್ಪ್‌ಗಳು ಮತ್ತು ಬೆಕ್ಕುಮೀನು ದೂರದ ಒಂದೇ ಬಳಗದವು, ಬಂಗುಡೆ ಮತ್ತು ಟ್ಯೂನಾ ಒಂದೇ ಕುಟುಂಬದವು, ಶಾರ್ಕ್ ಇವೆಲ್ಲಕ್ಕೂ ಹೊರಗಿನದು, ಸಿಗಡಿಗೆ ಬೆನ್ನೆಲುಬೇ ಇಲ್ಲ. ಉತ್ತರ ಮೊದಲೇ ಗೊತ್ತಿರುವ ಮರ ಇದು. ಗೊತ್ತಿರುವ ಉತ್ತರದ ಎದುರು ವಿಧಾನವನ್ನು ಪರೀಕ್ಷಿಸುವುದೇ ಪ್ರಯೋಗದ ತಿರುಳು.

ಆರು ಮತ್ತು ಏಳನೆಯ ವೆಲ್‌ಗಳಲ್ಲಿರುವುದು ಒಂದೇ ಮೀನು ಎಂದು ವಿದ್ಯಾರ್ಥಿಗಳಿಗೆ ಹೇಳಬೇಡಿ. 'ಕ', 'ಖ' ಎಂದಷ್ಟೇ ಟ್ಯೂಬಿನ ಮೇಲೆ ಬರೆಯಿರಿ. ಬಿಳಿಯಲ್ಲಿ 12, ಕೆಂಪಿನಲ್ಲಿ 11, ಎರಡರಲ್ಲೂ 7 ಬ್ಯಾಂಡ್ ಎಂದು ಬಂತೆನ್ನಿ: ಒಟ್ಟು 16, ದೂರ 0.56. ಮೇಲಿನ ಉದಾಹರಣೆಯ ಎರಡು ಬೇರೆ ಜಾತಿಯ ಕಾರ್ಪ್‌ಗಳ ನಡುವಿನ ದೂರಕ್ಕಿಂತ ಹೆಚ್ಚು! ಮರ ಬರೆದು ಮುಗಿಸಿದ ಮೇಲೆ ಗುಟ್ಟು ಬಿಡಿಸಿ. ಯಾವ ಪ್ರೋಟೀನ್ ಎಷ್ಟು ತಯಾರಾಗುತ್ತದೆ ಎಂಬುದೂ ಪ್ರೋಟೀನಿನ ಸರಣಿ ಬದಲಾಗುವುದೂ ಬೇರೆ ಬೇರೆ ಸಂಗತಿ ಎಂದು ಎರಡು ಉಪನ್ಯಾಸ ಕೊಟ್ಟರೂ ಇಷ್ಟು ಗಟ್ಟಿಯಾಗಿ ಕೂರುವುದಿಲ್ಲ.

ಇದೇ ಕಂಪನಿಯ ಎರಡನೆಯ ಕಿಟ್, ವೆಸ್ಟರ್ನ್ ಬ್ಲಾಟ್ ಮಾಡ್ಯೂಲ್, ಮಯೋಸಿನ್‌ನ ಸಣ್ಣ ಸರಪಳಿಯನ್ನು ಮಾತ್ರ ಗುರುತಿಸುವ ಪ್ರತಿಕಾಯದೊಂದಿಗೆ ಬರುತ್ತದೆ. ಮೂರನೆಯ ತಕರಾರಿಗೆ ನೇರ ಉತ್ತರ ಅಲ್ಲಿದೆ: ಎತ್ತರ ಹೋಲುತ್ತದೆ ಎಂಬ ಊಹೆಯ ಜಾಗಕ್ಕೆ, ಇದು ಅದೇ ಬಳಗದ ಪ್ರೋಟೀನ್ ಎಂಬ ಸಾಕ್ಷಿ ಬರುತ್ತದೆ. ಎರಡು ಕಿಟ್‌ಗೂ ವೇಳಾಪಟ್ಟಿಯಲ್ಲಿ ಜಾಗ ಇದ್ದರೆ ಖಂಡಿತ ಜೊತೆಗೇ ಮಾಡಿಸಿ. ಒಂದಕ್ಕೇ ಜಾಗವಿದ್ದರೆ, ಮುಂದೆ ಹೇಳುವ ಕಂಪ್ಯೂಟರ್ ಅಭ್ಯಾಸ ಹೆಚ್ಚು ಫಲ ಕೊಡುತ್ತದೆ.

ಜೊತೆಗೆ ಬೇಕಾದ ಇನ್ನೊಂದು ಮರ: ಮೆಗಾ

ಮೆಗಾ ಎಂಬುದು ಡಿಎನ್‌ಎ, ಪ್ರೋಟೀನ್ ಸರಣಿಗಳಿಂದ ವಂಶವೃಕ್ಷ ಕಟ್ಟುವ ಉಚಿತ ಸಾಫ್ಟ್‌ವೇರ್. ಸುಧೀರ್ ಕುಮಾರ್, ಕೊಯಿಚಿರೊ ತಮುರಾ, ಮಸತೋಶಿ ನೇಯಿ ಇದರ ಮೊದಲ ಆವೃತ್ತಿಯನ್ನು 1993ರಲ್ಲಿ ಹೊರತಂದರು. ಜೋಡಿಸುವುದು (ಸರಣಿಗಳ ಸಮಾನ ಜಾಗಗಳನ್ನು ಒಂದರ ಕೆಳಗೊಂದು ಇಡುವುದು), ದೂರ ಲೆಕ್ಕ ಹಾಕುವುದು, ಮರ ಕಟ್ಟುವುದು ಎಲ್ಲ ಒಂದೇ ಕಿಟಕಿಯಲ್ಲಿ ನಡೆಯುವುದರಿಂದ ಪದವಿ ತರಗತಿಗೆ ಇದಕ್ಕಿಂತ ಹೊಂದುವಂಥದ್ದು ಕಷ್ಟ.

ಜೆಲ್ಲಿಗೆ ಹಾಕಿದ ಅದೇ ಮೀನುಗಳ ಸೈಟೊಕ್ರೋಮ್ ಬಿ ಜೀನನ್ನು ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಸರಣಿ ಭಂಡಾರದಿಂದ ಇಳಿಸಿಕೊಳ್ಳಿ. ಮೀನುಗಳಲ್ಲಿ ಇದರ ಉದ್ದ ಸುಮಾರು 1140 ಅಕ್ಷರ. ಅರ್ಧಂಬರ್ಧ ದಾಖಲೆಗಳು ಬೇಡ, ಪೂರ್ಣ ಮೈಟೊಕಾಂಡ್ರಿಯ ಜೀನೋಮಿನಿಂದ ಬಂದದ್ದನ್ನೇ ಆರಿಸಿ. ಮಸಲ್ ಎಂಬ ಜೋಡಣೆಯ ವಿಧಾನದಲ್ಲಿ ಕೋಡಾನ್‌ಗಳ (ಒಂದು ಅಮೈನೊ ಆಮ್ಲವನ್ನು ಸೂಚಿಸುವ ಮೂರಕ್ಷರದ ಪದಗಳ) ಪ್ರಕಾರ ಜೋಡಿಸಿ. ಇಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ: ಜೆನೆಟಿಕ್ ಕೋಡ್ ಅನ್ನು ಸಾಮಾನ್ಯ ಕೋಡ್ ಎಂದೇ ಬಿಟ್ಟಿರುವುದು. ಬೆನ್ನೆಲುಬಿನ ಪ್ರಾಣಿಗಳ ಮೈಟೊಕಾಂಡ್ರಿಯದಲ್ಲಿ ಟಿಜಿಎ ಎಂದರೆ ಟ್ರಿಪ್ಟೊಫ್ಯಾನ್, ಎಟಿಎ ಎಂದರೆ ಮೆಥಿಯೊನೀನ್, ಎಜಿಎ ಮತ್ತು ಎಜಿಜಿ ಪೂರ್ಣವಿರಾಮ. ಕೋಡ್ ಬದಲಿಸದಿದ್ದರೆ ಪ್ರೋಟೀನ್ ನಡುವೆ ನಕ್ಷತ್ರಚಿಹ್ನೆಗಳು ಉದುರುತ್ತವೆ. ಒಮ್ಮೆ ಬೇಕೆಂದೇ ತಪ್ಪು ಕೋಡಿನಲ್ಲಿ ತೋರಿಸಿ, ಕಾರಣ ಕೇಳಿ. ಸಿಗಡಿಯನ್ನು ಈ ಜೋಡಣೆಗೆ ಸೇರಿಸಬೇಡಿ: ಅದರ ಮೈಟೊಕಾಂಡ್ರಿಯದಲ್ಲಿ ಎಜಿಎ ಎಂದರೆ ಸೆರೀನ್, ಒಂದೇ ಕೋಷ್ಟಕ ಎರಡಕ್ಕೂ ನಡೆಯುವುದಿಲ್ಲ.

ಆಮೇಲೆ ನೈಬರ್-ಜಾಯ್ನಿಂಗ್ (ದೂರದ ಕೋಷ್ಟಕದಿಂದ ಮರ ಕಟ್ಟುವ ಇನ್ನೊಂದು ವಿಧಾನ) ಮರ, ಸಾವಿರ ಬೂಟ್‌ಸ್ಟ್ರ್ಯಾಪ್. ಐದಾರು ಜಾತಿಗಳಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ತೆರೆಯ ಮೇಲೆ ಬೇರು ಇರುವಂತೆ ಕಂಡರೂ ಈ ಮರಕ್ಕೆ ಬೇರಿಲ್ಲ. ಶಾರ್ಕ್‌ನ ಕವಲಿನ ಮೇಲೆ ಬೇರನ್ನು ನಾವೇ ಇಡಬೇಕು. ಇದನ್ನು ಬಿಟ್ಟರೆ ಕಾರ್ಪ್‌ಗಳಿಂದ ಶಾರ್ಕ್ ಬಂದಂತೆ ಓದುವ ಉತ್ತರಪತ್ರಿಕೆ ಸಿಗುತ್ತದೆ. ಬೂಟ್‌ಸ್ಟ್ರ್ಯಾಪ್ 95 ಎಂದರೆ ಆ ಗುಂಪು ನಿಜವಾಗಿರುವ ಸಂಭವ ನೂರಕ್ಕೆ 95 ಎಂದಲ್ಲ. ಜೋಡಣೆಯ ಸ್ತಂಭಗಳನ್ನು ಮತ್ತೆ ಮತ್ತೆ ಆಯ್ದು ಕಟ್ಟಿದ ಮರಗಳಲ್ಲಿ 95%ರಲ್ಲಿ ಆ ಗುಂಪು ಬಂತು ಎಂದಷ್ಟೇ.

ಮೆಗಾದಲ್ಲಿ ಕೋಡಾನಿನ ಮೊದಲ, ಎರಡನೆಯ, ಮೂರನೆಯ ಸ್ಥಾನಗಳನ್ನು ಬೇರೆ ಬೇರೆಯಾಗಿ ಆರಿಸಿಕೊಳ್ಳಬಹುದು. ಮೂರನೆಯ ಸ್ಥಾನವನ್ನಷ್ಟೇ ಇಟ್ಟು ಒಂದು ಮರ, ಮೊದಲೆರಡನ್ನು ಇಟ್ಟು ಇನ್ನೊಂದು ಮರ ಮಾಡಿಸಿ. ಮೂರನೆಯ ಸ್ಥಾನದ ಬದಲಾವಣೆಗಳಲ್ಲಿ ಹೆಚ್ಚಿನವು ಅಮೈನೊ ಆಮ್ಲವನ್ನು ಬದಲಿಸುವುದಿಲ್ಲ, ಹಾಗಾಗಿ ಅಲ್ಲಿ ಅಕ್ಷರಗಳು ಬೇಗ ಬದಲಾಗುತ್ತವೆ. ಎರಡು ಕಾರ್ಪ್‌ಗಳನ್ನು ಬಿಡಿಸಲು ಅದು ಅನುಕೂಲ. ಶಾರ್ಕ್‌ನಷ್ಟು ದೂರಕ್ಕೆ ಹೋದಾಗ ಅದೇ ಜಾಗ ಹಲವು ಸಲ ಬದಲಾಗಿ, ಬರೆದ ಹಲಗೆಯ ಮೇಲೆಯೇ ಮತ್ತೆ ಮತ್ತೆ ಬರೆದಂತಾಗಿರುತ್ತದೆ. 1968ರಲ್ಲಿ ಮೊಟೂ ಕಿಮುರಾ ಮುಂದಿಟ್ಟ ತಟಸ್ಥ ಸಿದ್ಧಾಂತವನ್ನು (ಅಣುಮಟ್ಟದ ಬದಲಾವಣೆಗಳಲ್ಲಿ ಹೆಚ್ಚಿನವು ಜೀವಿಗೆ ಲಾಭವೂ ಅಲ್ಲ, ನಷ್ಟವೂ ಅಲ್ಲ ಎಂಬುದು) ಪಾಠ ಮಾಡಲು ಇದು ತಕ್ಕ ಘಳಿಗೆ. ಕೈಯಲ್ಲಿ ಲೆಕ್ಕ ಇರುವಾಗ ಸಿದ್ಧಾಂತ ಬಾಯಿಪಾಠವಾಗುವುದಿಲ್ಲ.

ಸಮಯ ಉಳಿದರೆ ಸೈಟೊಕ್ರೋಮ್ ಸಿ ಪ್ರೋಟೀನನ್ನೂ ನೋಡಬಹುದು. 104 ಅಮೈನೊ ಆಮ್ಲಗಳ ಈ ಪ್ರೋಟೀನ್ ಮನುಷ್ಯನಲ್ಲೂ ಚಿಂಪಾಂಜಿಯಲ್ಲೂ ಒಂದೇ. ರೀಸಸ್ ಕೋತಿಯಲ್ಲಿ ಒಂದು ವ್ಯತ್ಯಾಸ, ಕುದುರೆಯಲ್ಲಿ 12. ಈ ನಾಲ್ಕನ್ನೂ ಎಸ್‌ಡಿಎಸ್ ಜೆಲ್ಲಿನಲ್ಲಿ ಅಕ್ಕಪಕ್ಕ ಓಡಿಸಿದರೆ ಏನು ಕಂಡೀತು ಎಂದು ವಿದ್ಯಾರ್ಥಿಗಳನ್ನು ಕೇಳಿ. ಉದ್ದ ಒಂದೇ ಆದ್ದರಿಂದ ಬ್ಯಾಂಡೂ ಒಂದೇ ಕಡೆ, ಸುಮಾರು 12 ಕಿಲೋಡಾಲ್ಟನ್‌ನಲ್ಲಿ.

ಯಾರು ಕೊಳ್ಳಬೇಕು, ಯಾರಿಗೆ ಬೇಡ

ಜೆಲ್ ಟ್ಯಾಂಕ್ ಇದ್ದು, ಒಂದು ಸಲಕ್ಕೆ ಮೂವತ್ತರಷ್ಟು ವಿದ್ಯಾರ್ಥಿಗಳಿಗೆ ಎಂಟು ತಂಡ ಮಾಡಿ, ಮೂರು ತರಗತಿಗಳನ್ನು ಮೀಸಲಿಡಬಲ್ಲ ವಿಭಾಗಕ್ಕೆ ಕಿಟ್ ಹೊಂದುತ್ತದೆ: ಒಂದು ದಿನ ಸ್ಯಾಂಪಲ್, ಒಂದು ದಿನ ಜೆಲ್, ಒಂದು ದಿನ ಲೆಕ್ಕ. ಮೆಗಾಗೆ ನಾಲ್ಕನೆಯ ದಿನ ಬೇಕು, ಅದನ್ನು ಕತ್ತರಿಸಬೇಡಿ. ಎರಡನೆಯ ವರ್ಷದಿಂದ ಕಿಟ್ ಬದಲು ಬಫರನ್ನು ನೀವೇ ಮಾಡಿಕೊಂಡು, ಮಾರ್ಕರ್ ಮತ್ತು ಸಿದ್ಧ ಜೆಲ್ ಮಾತ್ರ ಕೊಂಡರೆ ನಷ್ಟವೇನಿಲ್ಲ. ಒಂದೇ ತರಗತಿಯ ಸಮಯ ಇರುವವರು, ಅಥವಾ ಹೀಟ್ ಬ್ಲಾಕ್, ಪವರ್ ಸಪ್ಲೈ ಎರವಲು ತರಬೇಕಾದವರು ಇದಕ್ಕೆ ಕೈಹಾಕದೆ ಮೆಗಾ ಅಭ್ಯಾಸವನ್ನೇ ನಿಧಾನವಾಗಿ ಮಾಡಿಸುವುದು ಮೇಲು.

ಅಂಕ ಕೊಡುವುದು ಹೇಗೆಂಬುದಕ್ಕೂ ಒಂದು ಮಾತು. ಮರ ಸರಿಯಾಗಿ ಬಂದಿದೆಯೇ ಎಂದು ನೋಡಿ ಅಂಕ ಕೊಟ್ಟರೆ, ಮುಂದಿನ ವರ್ಷದ ವಿದ್ಯಾರ್ಥಿಗಳು ಸರಿಯಾದ ಮರವನ್ನು ಮೊದಲೇ ತಿಳಿದುಕೊಂಡು ಬ್ಯಾಂಡ್ ಎಣಿಸುತ್ತಾರೆ. ಜೆಲ್ಲಿನ ಮರ ಮತ್ತು ಸೈಟೊಕ್ರೋಮ್ ಬಿ ಮರ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಸಿ. ಎರಡೂ ಹೊಂದದ ಒಂದು ಕವಲನ್ನು ಆರಿಸಿ, ಅದಕ್ಕೆ ಕಾರಣ ಸ್ನಾಯುವಿನ ಬಗೆಯೋ, ಒಂದರ ಮೇಲೊಂದು ಬಿದ್ದ ಬ್ಯಾಂಡೋ, ಅಳತೆಯ ತಪ್ಪೋ, ಹಳೆಯ ಮೀನೋ ಎಂದು ವಾದಿಸಲು ಹೇಳಿ. ಆ ವಾದವನ್ನು ಪರೀಕ್ಷಿಸಲು ಮುಂದಿನ ಜೆಲ್ಲಿನ ಹತ್ತು ವೆಲ್‌ಗಳಿಗೆ ಏನೇನು ಹಾಕುತ್ತಾರೆ ಎಂಬ ಪಟ್ಟಿಯನ್ನೂ ಕೇಳಿ. ಒಟ್ಟು ಅಂಕದ ಅರ್ಧ ಆ ಪಟ್ಟಿಗಿರಲಿ.